ಗೇಟು ದಾಟದ ರೆಕಾರ್ಡು

ನಾನೊಂದು ಹಾಡಿನ ರೆಕಾರ್ಡು. ಕರಿ ಮೈ, ಗೇಣಿಗಿಂತ ಚೂರು ಹೆಚ್ಚು ಅಗಲ, ಒಂದೊಂದು ಮಗ್ಗುಲಿಗೆ ಎರಡೆರಡು ಹಾಡು. ಕಾದ ಉಂಡೆಯೊಂದನ್ನು ಎರಡು ಅಚ್ಚುಗಳ ನಡುವೆ ಒತ್ತಿದರು, ನಾನು ಹುಟ್ಟಿದೆ. ನನ್ನ ಹಿಂದೆ ಇನ್ನೂರು ತಮ್ಮಂದಿರು ಹುಟ್ಟಬೇಕಿತ್ತು. ಹಾಡಿದವರು ಕೇಳಿ ನೋಡಿ ಒಪ್ಪಿಗೆ ಹೇಳಲಿ ಅಂತ ಮೊದಲು ನನ್ನೊಬ್ಬನನ್ನೇ ಕಳಿಸಿದರು.

ಬೆಳಗಾವಿಯಲ್ಲಿ ತ್ರಿಶಲಾ ಎಂಬ ಹುಡುಗಿಯ ಕೈ ಸೇರಿದೆ. ಅವಳೂ ಮೂವರು ಗೆಳೆಯರೂ ಕಟ್ಟಿದ ಬ್ಯಾಂಡಿನ ಹೆಸರು ‘ಭಟ್ಟಿ’. ಗಿಟಾರಿನ ಜೊತೆ ಗ್ರೈಂಡರು, ಡ್ರಮ್ಮಿನ ಜೊತೆ ಕಬ್ಬಿಣದ ಪೆಟ್ಟು, ಅದು ಅವರ ಸಂಗೀತ. ಪೆಟ್ಟು ಅವಳ ಅಪ್ಪ ಸಾತಗೊಂಡರದು. ಎರಕದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ತಣಿದ ಪಂಪಿನ ಎರಕವನ್ನು ಸರಪಳಿಗೆ ತೂಗುಹಾಕಿ ಸುತ್ತಿಗೆಯಿಂದ ತಟ್ಟುವುದು. ಗಂಟೆಯ ಹಾಗೆ ದನಿ ಎಳೆದರೆ ಗಟ್ಟಿ. ದನಿ ಸತ್ತರೆ ಒಳಗೆ ಬಿರುಕು, ಅಂಥದ್ದು ಮತ್ತೆ ಕರಗಲಿಕ್ಕೆ. ಮಗಳು ಒಂದು ಮಧ್ಯಾಹ್ನ ಮೈಕು ಹಿಡಿದು ನಿಂತು ಅದನ್ನೆಲ್ಲ ತುಂಬಿಕೊಂಡಿದ್ದಳು. ಹೊದಿಕೆಯ ಮೇಲೆ ತಮ್ಮ ನಾಲ್ವರ ಜೊತೆ ಅಪ್ಪನ ಹೆಸರೂ ಇರಬೇಕು, ಅದಕ್ಕೆ ಅಪ್ಪ ಹೂಂ ಅನ್ನಬೇಕು, ಇದೊಂದೇ ಅವಳ ಆಸೆ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ನನ್ನನ್ನು ಪ್ಲೇಯರಿಗೆ ಹಚ್ಚಿದರು. ಸಾತಗೊಂಡರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದರು. ಎರಡನೇ ಹಾಡಿನಲ್ಲಿ ಬಿರುಕು ಎರಕದ ಸತ್ತ ದನಿ ಬಂದದ್ದೇ ಕಣ್ಣು ಬಿಟ್ಟರು.

‘ನಿಲ್ಲಸ್ ಅದನ್ನ. ಇದು ಒಡಕು ಮಾಲು.’

‘ಆ ದನಿ ಚಲೋ ಅನಿಸ್ತಪ್ಪಾ, ಬೇಕಂತನ ಹಾಕೀವಿ,’ ಅಂದಳು ತ್ರಿಶಲಾ.

‘ನಿನಗ ಚಲೋ ಅನಿಸಿದ್ರ ಆತೇನು? ಒಂದ್ ಒಡಕು ಗೇಟ್ ದಾಟಿಸಿಲ್ಲ ನಾನು. ನೀ ನನ್ನ ಹೆಸರ್ ಹಚ್ಚಿ ಇನ್ನೂರು ದಾಟಸ್ತಿ?’

ಡ್ರಮ್ಮಿನ ಇಮ್ತಿಯಾಜ ಮೆಲ್ಲಗೆ, ‘ಕಾಕಾ, ಹಾಡಿನಾಗ ನೀರೇನ್ ಸೋರಂಗಿಲ್ಲಲ್ಲ,’ ಅಂದ.

‘ನನ್ನ ಕಿವಿಯಾಗ ಸೋರ್ತೈತಲೇ.’

ಹೊದಿಕೆಯಿಂದ ಅಪ್ಪನ ಹೆಸರು ಬಿಟ್ಟಿದ್ದರೆ ಹಾಡು ಹಾಗೇ ಉಳಿಯುತ್ತಿತ್ತು. ತ್ರಿಶಲಾ ಮೂರು ದಿನ ಮಂಕಾಗಿ ಓಡಾಡಿದಳು. ನಾಲ್ಕನೇ ದಿನ, ‘ಮತ್ತ ತುಂಬಿಕೋತೀವಿ, ಗಟ್ಟಿ ಮಾಲು ನೀನ ಬಂದು ಆರಿಸಿ ಕೊಡು,’ ಅಂದಳು. ಸಾತಗೊಂಡರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರ್ಖಾನೆಗೆ ಹೋದರು. ಹನ್ನೊಂದು ಎರಕ ಬೇಡವೆಂದು ಹನ್ನೆರಡನೆಯದನ್ನು ಮಗಳ ಮೈಕಿನ ಮುಂದೆ ತಟ್ಟಿದರು. ಅದರ ದನಿ ಎಷ್ಟು ಹೊತ್ತು ಎಳೆಯಿತೆಂದರೆ, ಅದು ಮುಗಿಯುವುದನ್ನು ಕಾಯಲು ಹಾಡನ್ನೇ ನಿಧಾನ ಮಾಡಬೇಕಾಯಿತು. ಹಾಡು ಮೊದಲಿಗಿಂತ ಚೆಂದವಾಯಿತು, ಇದನ್ನು ನಾನೇ ಹೇಳುತ್ತಿದ್ದೇನೆ. ಇನ್ನೂರು ತಮ್ಮಂದಿರು ಸಾತಗೊಂಡರ ಹೆಸರು ಹೊತ್ತು ಊರೂರಿಗೆ ಹೋದರು.

ನನ್ನನ್ನು ಎಸೆಯಲಿಕ್ಕೆ ಹೊರಟವಳು ತ್ರಿಶಲಾ. ತಡೆದವರು ಸಾತಗೊಂಡರೇ. ಕಾರ್ಖಾನೆಗೆ ಹೊಸದಾಗಿ ನಾಲ್ಕು ಹೆಂಗಸರು ಕೆಲಸ ಕಲಿಯಲು ಬಂದಿದ್ದರು. ಮೊದಲು ತಮ್ಮನೊಬ್ಬನನ್ನು, ಆಮೇಲೆ ನನ್ನನ್ನು ಹಚ್ಚಿ, ‘ಕಣ್ಣ ಮುಚ್ಚರಿ, ದನಿ ಎಲ್ಲಿ ಸತ್ತತಿ ಹೇಳ್ರಿ,’ ಅಂತ ಕೇಳಿಸಿದರು. ತಿಂಗಳೊಳಗೆ ಕಾಶವ್ವ ಎಂಬಾಕೆಗೆ ಸಾತಗೊಂಡರಿಗಿಂತ ಮೊದಲೇ ಒಡಕು ಗೊತ್ತಾಗತೊಡಗಿತು.

ಈಗ ನನ್ನ ಗೀರುಗಳು ಸವೆದು ಬರೀ ಸುಸ್ಸೆನ್ನುತ್ತೇನೆ. ಕಾರ್ಖಾನೆಯ ಕಪಾಟಿನಲ್ಲಿ, ಸಾತಗೊಂಡರ ಬುತ್ತಿಯ ಪಕ್ಕದಲ್ಲೇ ನನ್ನ ಜಾಗ. ನನ್ನ ಹೊದಿಕೆಯ ಮೇಲೆ ಯಾರ ಹೆಸರೂ ಇಲ್ಲ. ಒಡಕು ದನಿಯ ಮೇಲೆ ತಮ್ಮ ಹೆಸರು ಇದ್ದಿದ್ದರೆ ಅವರು ನನ್ನನ್ನು ಇಷ್ಟು ಹತ್ತಿರ ಇಟ್ಟುಕೊಳ್ಳುತ್ತಿರಲಿಲ್ಲವೇನೋ.