ಥಂಡಿ ಪೆಟ್ಟಿಗೆಯ ತಟ್ಟೆ

ನಮ್ಮ ಮನೆಯ ಥಂಡಿ ಪೆಟ್ಟಿಗೆ ನಾತ ಹೊಡೆಯಿತು ಅಂತ ಹೊನ್ನೂರಮ್ಮ ಕೆಲಸ ಕಳೆದುಕೊಂಡಳು. ಆ ಪೆಟ್ಟಿಗೆಯ ಬಾಗಿಲನ್ನು ಅವಳು ನಮ್ಮ ಮನೆಯಲ್ಲಿ ಒಮ್ಮೆಯೂ ತೆರೆದಿರಲಿಲ್ಲ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಅದು ೧೯೪೮ರ ಬೇಸಿಗೆ. ಕಂಟೋನ್ಮೆಂಟಿನ ದೊರೆಯೊಬ್ಬ ಬಂಗಲೆ ಖಾಲಿ ಮಾಡಿ ತನ್ನ ದೇಶಕ್ಕೆ ಹೊರಟಾಗ ಅವನ ಸಾಮಾನು ಹರಾಜಾಯಿತು. ನಮ್ಮ ಮಾವ, ವಕೀಲ ರಾಘಣ್ಣನವರು, ಸೀಮೆಎಣ್ಣೆಯ ದೀಪದಿಂದ ನಡೆದು ಒಳಗೆ ಮಂಜು ಕಟ್ಟುವ ಈ ಪೆಟ್ಟಿಗೆಯನ್ನು ಬಂಡಿಯಲ್ಲಿ ಹೇರಿಸಿಕೊಂಡು ಬಂದರು. ಬಳ್ಳಾರಿಯ ಬಿಸಿಲಿಗೆ ಬೆಳಗಿನ ಹಾಲು ಮಧ್ಯಾಹ್ನಕ್ಕೆ ಒಡೆಯುತ್ತಿತ್ತು, ಅವರ ಆಸೆ ತಪ್ಪಲ್ಲ. ಆದರೆ ಅತ್ತೆ ಇಂದಿರಾಬಾಯಿ ಬಾಗಿಲಲ್ಲೇ ತಡೆದರು. ಮಾಂಸ ಇಟ್ಟ ಪೆಟ್ಟಿಗೆ, ಶುದ್ಧಿಯಾಗದೆ ಬಳಸಕೂಡದು ಎಂದರು. ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ ಸೇರಿಸಿ ಪಂಚಗವ್ಯ ಕಲಸಿದವಳು ನಾನೇ. ಮೂರು ದಿನ ಅತ್ತೆ ಅದನ್ನು ಒಳಗೆಲ್ಲ ಚಿಮುಕಿಸಿದರು. ಚಿಮುಕಿಸಿದೆ ಎನ್ನುವುದು ಅವರ ಮಾತು. ನಾನು ನೋಡಿದ್ದು ಚೊಂಬುಗಟ್ಟಲೆ ಸುರಿದದ್ದನ್ನು.

ಐದನೆಯ ದಿನ ಬಾಗಿಲು ತೆರೆದರೆ ಕೊಳೆತ ವಾಸನೆ. ಒಳಗಿನ ಗೋಡೆಗಳನ್ನೆಲ್ಲ ಸೀಗೆಪುಡಿ ಹಾಕಿ ತಿಕ್ಕಿದೆ. ನಿಂಬೆ ಹೋಳು ಇಟ್ಟೆ, ಕಾಫಿಪುಡಿ ಇಟ್ಟೆ. ನಾತ ಜಗ್ಗಲಿಲ್ಲ, ಹಾಲಿಗೂ ಹತ್ತಿತು.

ಆಗ ಅತ್ತೆಯ ಕಣ್ಣು ಹೊನ್ನೂರಮ್ಮನ ಮೇಲೆ ಬಿತ್ತು. ಅವಳು ನಮ್ಮ ಹಿತ್ತಲು ಗುಡಿಸಿ, ದನದ ಕೊಟ್ಟಿಗೆ ಬಳಿಯುವವಳು. ಹನ್ನೆರಡು ವರ್ಷದಲ್ಲಿ ಹೊಸ್ತಿಲು ದಾಟಿದವಳಲ್ಲ. ಬಂಡಿಯಿಂದ ಇಳಿಸುವಾಗ ಪೆಟ್ಟಿಗೆ ವಾಲಿತೆಂದು ಓಡಿಬಂದು ಕೈ ಹಚ್ಚಿದ್ದಳು. ಅದೇ ವಾರ ಕೆಂಚನಗುಡ್ಡದ ತವರಿನಿಂದ ಒಣಮೀನು ತಂದಿದ್ದಳು. ಅಷ್ಟು ಸಾಕಾಯಿತು.

"ಮೀನು ಹಿಡದ ಕೈಲೆ ಮುಟ್ಯಾಳ, ಅದಕ್ಕ ಹಿಂಗ ನಾರ್ತದ. ನಾಳಿಂದ ಬರಬ್ಯಾಡ" ಎಂದರು ಅತ್ತೆ. ಅವಳು ಕೆಲಸ ಮಾಡುವ ಪಕ್ಕದ ಎರಡು ಮನೆಗಳಿಗೂ ಹೇಳಿ ಬಂದರು. ಒಂದೇ ಬೆಳಿಗ್ಗೆ ಅವಳಿಗೆ ಮೂರು ಮನೆಯ ಕೆಲಸ ಹೋಯಿತು. ಪಂಚಗವ್ಯಕ್ಕೆ ಕೊಟ್ಟಿಗೆಯಿಂದ ಸಗಣಿ ಎತ್ತಿಟ್ಟದ್ದೂ ಅದೇ ಕೈ. ಆಗ ಮಾತ್ರ ಅದರಲ್ಲಿ ಮೀನಿನ ವಾಸನೆ ಇರಲಿಲ್ಲ.

ಹೊನ್ನೂರಮ್ಮ ಅಳಲಿಲ್ಲ. "ಅಮ್ಮಾರ, ದೊರೆಸಾನಿ ಮನ್ಯಾಗ ಸಂಜಿ ಕೆಲಸಕ್ಕ ಹೋಗ್ತಿದ್ದೆ. ಇದ ಪೆಟಗಿನ ಎರಡು ವರ್ಸ ತೊಳದೀನಿ. ಹಿತ್ತಲಕ ತರಸ್ರಿ, ನಾತ ಎಲ್ಲೈತಿ ತೋರಸ್ತೀನಿ. ನನ್ನ ಕೈದಲ್ಲ ಅಂತ ಗೊತ್ತಾದ್ರ ಆ ಎರಡು ಮನಿಗೆ ನೀವ ಹೋಗಿ ಹೇಳಬೇಕು" ಎಂದಳು.

ಹಾಲಿನ ಆಸೆಗೆ ಮಾವ ಒಪ್ಪಿದರು. ದೀಪ ಆರಿಸಿ ಪೆಟ್ಟಿಗೆಯನ್ನು ಹಿತ್ತಲಿಗೆ ಇಳಿಸಿದ್ದಾಯಿತು. ಹೊನ್ನೂರಮ್ಮ ಮಂಜು ಕಟ್ಟುವ ಗೂಡಿನ ಕೆಳಗೆ ಕೈ ಹಾಕಿ ಒಂದು ಅಗಲ ತಟ್ಟೆಯನ್ನು ಎಳೆದಳು. ಮಂಜು ಕರಗಿದ ನೀರು ಬೀಳಲೆಂದು ಇಟ್ಟದ್ದಂತೆ. ಅದು ಹೊರಗೆ ಬರುತ್ತದೆಂದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಅದರ ತುಂಬ ಮೂರು ದಿನದ ಪಂಚಗವ್ಯ, ಮೇಲೆ ಹಸಿರು ಬೂಸ್ಟು.

"ಇದು ಮೀನೇನ್ರಿ, ಅಮ್ಮಾರ?" ಎಂದಳು.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಹೊನ್ನೂರಮ್ಮ ಸೋಡಾಪುಡಿ ಹಾಕಿದ ಬಿಸಿನೀರಿನಲ್ಲಿ ತಟ್ಟೆ ತಿಕ್ಕಿ, ಒಳಗೆಲ್ಲ ಒರೆಸಿ, ಸಂಜೆಯವರೆಗೆ ಬಾಗಿಲು ತೆರೆದು ಬಿಸಿಲಿಗೆ ಬಿಟ್ಟಳು. ಒಂದು ಬಟ್ಟಲು ಇದ್ದಿಲು ಒಳಗಿಟ್ಟಳು. ನಾತ ಹೋಯಿತು.

"ಆತಲ್ಲ, ನಾಳಿಂದ ಬಾ" ಎಂದರು ಅತ್ತೆ, ಏನೋ ವರ ಕೊಟ್ಟವರ ಹಾಗೆ.

"ಆ ಎರಡು ಮನಿಗೆ?"

"ಏನಂತ ಹೇಳ್ಲಿ? ನಮ್ಮ ಪಂಚಗವ್ಯ ನಾರ್ತು ಅಂತನೋ?"

ಹೊನ್ನೂರಮ್ಮ ಅತ್ತೆಯನ್ನೊಮ್ಮೆ ನೋಡಿದಳು, ಕೈ ಒರೆಸಿಕೊಂಡು ಹೊರಟಳು. ಮರುದಿನ ಬರಲಿಲ್ಲ. ಆ ಸಂಜೆ ಅವಳಿನ್ನೂ ಬೀದಿ ದಾಟುವ ಮೊದಲೇ ಅತ್ತೆ ನನ್ನನ್ನು ಕರೆದಿದ್ದರು. "ತುಳಸಿ, ಪಂಚಗವ್ಯ ಕಲಸು. ಎಲ್ಲಾ ಕಡೆ ಅಕಿ ಕೈ ಬಿದ್ದದ."

ಕಲಸಿದೆ. ಬಾಯಿ ಸತ್ತವಳ ಹಾಗೆ ಕಲಸಿ ಕೊಟ್ಟೆ. ಅತ್ತೆಯ ಮೇಲಿನ ಸಿಟ್ಟಿಗಿಂತ ಅದಕ್ಕೆ ನನಗೆ ಹೆಚ್ಚು ನಾಚಿಕೆ.

ಮತ್ತೆ ಐದನೆಯ ದಿನಕ್ಕೆ ಅದೇ ನಾತ. ಈ ಸಲ ಮನೆಯಲ್ಲಿ ಯಾರೂ ಮೀನಿನ ಮಾತು ಎತ್ತಲಿಲ್ಲ. ಮಾವ ಕಿಟಕಿ ತೆರೆದು ಪೇಪರ್ ಓದತೊಡಗಿದರು.

ನಾನು ತಟ್ಟೆ ಎಳೆದೆ. ತೊಳೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅಂಗಳ ದಾಟಿದೆ.

"ಎಲ್ಲಿ ಹೊಂಟಿ?" ಅತ್ತೆ ಕೇಳಿದರು.

"ನೀವು ಹೇಳಿ ಬಂದ ಎರಡು ಮನಿಗೆ" ಎಂದೆ.

ಮೊದಲ ಮನೆಯಲ್ಲಿ ಬಾಗಿಲು ತೆರೆದವರು ಮೂಗು ಮುಚ್ಚಿ ಹಿಂದೆ ಸರಿದರು. ತಟ್ಟೆಯನ್ನು ಅವರ ಜಗುಲಿಯ ಮೇಲೆ ಇಟ್ಟೆ.

"ಇದು ಹೊನ್ನೂರಮ್ಮಂದಲ್ಲ" ಎಂದೆ. "ನಮ್ಮ ಮನೀದು."