ಕೂಗಿನಿಂದ ಹುಟ್ಟಿದ ಅಲಾರಂ

ನಾನು ಒಂದು ಪದ. ನನ್ನನ್ನು ಹೆತ್ತದ್ದು ಭಯ. ಇಟಲಿಯ ಯಾವುದೋ ಕೋಟೆಯ ಮೇಲೆ ಕಾವಲುಗಾರನೊಬ್ಬ ದೂರದಲ್ಲಿ ಧೂಳೇಳುವುದನ್ನು ಕಂಡು ‘ಅಲ್ಲಾರ್ಮೆ!’ ಎಂದು ಕೂಗಿದ. ಆಯುಧ ಹಿಡಿಯಿರಿ ಎಂದು ಅದರ ಅರ್ಥ. ಆ ಒಡೆದ ಗಂಟಲೇ ನನ್ನ ತವರು.

ಫ್ರಾನ್ಸ್ ದಾಟಿ ಇಂಗ್ಲೆಂಡಿಗೆ ಹೋದೆ. ಅಲ್ಲಿ ಎಚ್ಚರಿಸುವ ಗಂಟೆಗೂ, ಅದನ್ನು ಕೇಳಿದವರ ಎದೆಯ ದಿಗಿಲಿಗೂ ನಾನೇ ಹೆಸರಾದೆ. ಆಮೇಲೆ ನನ್ನನ್ನು ಗಡಿಯಾರದೊಳಗೆ ಕೂರಿಸಿದರು. ಗಡಿಯಾರದ ಜೊತೆ ಕನ್ನಡಕ್ಕೆ ಬಂದು ಅಲಾರಂ ಆದೆ. ಶತ್ರುವಿಗಾಗಿ ಹುಟ್ಟಿದವಳು ಹಾಲಿನವನು ಬರುವ ಹೊತ್ತಿಗೆ ಬಡಿದುಕೊಳ್ಳತೊಡಗಿದೆ. ಜನ ನನ್ನ ತಲೆಗೆ ಮೊಟಕಿ ಮಗ್ಗುಲಾಗುತ್ತಿದ್ದರು. ಕೇಳಿಯೂ ಏಳದಿದ್ದರೆ ಏನು ಗತಿ ಎಂಬ ಹೆದರಿಕೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈಗ ನಾನು ಮದ್ದೂರಿನ ಬಳಿಯ ಒಂದು ಗಾರ್ಮೆಂಟ್ಸ್‌ನ ಛಾವಣಿಯಲ್ಲಿದ್ದೇನೆ. ಹೊಗೆ ಕಂಡರೆ ಕೂಗುವ ಬಿಳಿ ಡಬ್ಬಿಗೆ ನನ್ನ ಹೆಸರು. ಕೆಳಗಿನ ಇಸ್ತ್ರಿಯ ಹಬೆ ತಾಗಿದರೂ ಡಬ್ಬಿ ಅರಚುತ್ತಿತ್ತು. ಅರಚಿದಾಗಲೆಲ್ಲ ಹೆಂಗಸರು ಹೊರಗೆ ಹೋಗಬೇಕು, ಟಾರ್ಗೆಟ್ ತಪ್ಪುತ್ತದೆ. ಸೂಪರ್‌ವೈಸರ್ ಶಿವಮಾದು ಏಣಿ ಹತ್ತಿ ಡಬ್ಬಿಗೆ ಪ್ಲಾಸ್ಟಿಕ್ ಕವರ್ ಬಿಗಿದ.

“ತೆಗೀರಿ ಸಾ ಅದ್ನ, ಭಯ ಆಯ್ತದೆ,” ಎಂದಳು ಇಸ್ತ್ರಿ ಮಾಡುವ ಕೆಂಪಾಜಮ್ಮ.

“ನಿಂಗೆ ಕುಕ್ಕರ್ ಕೂಗಿದ್ರೂ ಭಯ ಕಣಮ್ಮ. ನೀನೇನಾದ್ರೂ ಸುಮ್‌ಸುಮ್ನೆ ಎಲ್ರನ್ನೂ ಎಬ್ಬಿಸ್ದೋ, ಮನೆಗೇ ಹೋಗ್ತಿರು!”

ಹೆಂಗಸರು ನಕ್ಕರು.

ಒಂದು ಮಧ್ಯಾಹ್ನ ಚಿಂದಿ ಬಟ್ಟೆಯ ಕೋಣೆಯಿಂದ ಹೊಗೆ ತೆವಳಿ ಬಂತು. ಮೇಲೇರಿ ಕವರಿಗೆ ತಾಗಿ ಹಾಗೇ ಹೊರಳಿಕೊಂಡಿತು. ಡಬ್ಬಿ ಮೂಕ. ಯಂತ್ರಗಳ ಸದ್ದಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಕೆಂಪಾಜಮ್ಮನ ಮೂಗು ಮಾತ್ರ ಅರಳಿತು. ಅವಳು ಶಿವಮಾದುವಿನತ್ತ ನೋಡಿದಳು. ಸುಳ್ಳಾದರೆ ಕೆಲಸ ಹೋಗುತ್ತದೆ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು.

“ಬೆಂಕಿ! ಏಳ್ರವ್ವ, ಓಡ್ರೀ!”

ಅವಳ ಗಂಟಲು ಒಡೆದಿತ್ತು. ನನ್ನ ಹೆಸರು ಅವಳ ಬಾಯಿಗೆ ಬರಲಿಲ್ಲ. ಆದರೂ ಆ ದನಿಯ ಗುರುತು ನನಗೆ ಹತ್ತಿತು. ಅದು ನನ್ನ ತವರಿನ ದನಿ. ಎಲ್ಲರೂ ಹೊರಗೆ ಓಡಿ ಬದುಕಿಕೊಂಡರು. ಕೊನೆಗೆ ಶಿವಮಾದು ಕೂಡ, ಕೆಮ್ಮುತ್ತಾ.

ಬೆಂಕಿ ಆರಿದ ಮೇಲೆ ಕವರ್ ಬಿಚ್ಚಿದರು. ಕೆಲವು ದಿನಗಳ ಮೇಲೆ ಹಬೆ ತಾಗಿ ಡಬ್ಬಿ ಮತ್ತೆ ಅರಚಿತು. ಮರುದಿನ ಹೊಸ ಕವರ್ ಬಂತು. ಕೆಂಪಾಜಮ್ಮ ಈ ಸಲ ಚಿಂದಿ ಕೋಣೆಯ ಬಾಗಿಲ ಪಕ್ಕದ ಟೇಬಲ್ ಕೇಳಿ ಪಡೆದಳು. ಯಾರೂ ನಗಲಿಲ್ಲ.

ನನಗೆ ತುಂಬ ವಯಸ್ಸಾಗಿದೆ. ಕವರಿನೊಳಗಿಂದ ಮಂಜಾಗಿ ಕಾಣುವ ಅವಳನ್ನೇ ನೋಡುತ್ತಿರುತ್ತೇನೆ. ಅವಳು ರಜೆ ಹಾಕಿದ ದಿನ ನನಗೆ ಉಸಿರು ಕಟ್ಟುತ್ತದೆ.