ಟರ್ನಿಪ್‌ನ ಮೂಳೆಗಳು

ಟಿರ್ಜಾ ಮೂಗು ಮುಚ್ಚಿಕೊಂಡದ್ದನ್ನು ನಾನು ನೋಡಿಯೇ ಇರಲಿಲ್ಲ. ಬಿರುಬೇಸಿಗೆಯಲ್ಲಿ ರಸ್ತೆಬದಿ ಸತ್ತು ಬಿದ್ದು ಊದಿಕೊಂಡ ರಕೂನ್ ಎಂಬ ಕಾಡುಪ್ರಾಣಿಯನ್ನು ಬಕೆಟ್ಟಿನಲ್ಲಿ ತಂದುಕೊಟ್ಟರೆ, "ಅತ್ತೆ, ಬುರುಡೆ ಒಡೆದಿಲ್ಲ ತಾನೆ?" ಎಂದು ಅದರ ಮೇಲೇ ಬಗ್ಗುತ್ತಿದ್ದಳು. ಹದಿನಾರು ವರ್ಷದ ಹುಡುಗಿ. ಇವಳಿಗೆ ಹೇಸಿಗೆ ಎನ್ನುವುದನ್ನು ದೇವರು ಕೊಟ್ಟೇ ಇಲ್ಲ ಅಂದುಕೊಂಡಿದ್ದೆ. ನನಗೆ ಬೇಕಾದಷ್ಟು ಕೊಟ್ಟಿದ್ದಾನೆ. ಆದರೆ ನನಗೆ ಹೇಸಿಗೆ ಹುಟ್ಟಿಸುತ್ತಿದ್ದದ್ದು ಹುಳ ಬಿದ್ದ ರಕೂನಿಗಿಂತ ಹೆಚ್ಚಾಗಿ ಅವಳ ಅಮ್ಮನ ಲ್ಯಾವೆಂಡರ್ ಸೋಪು.

ಅವಳ ಅಮ್ಮ ಕೊರಿನ್, ನನ್ನ ತಮ್ಮ ಲೈಲ್‌ನ ಹೆಂಡತಿ. ಲೈಲ್ ದೂರದ ಊರುಗಳಿಗೆ ಟ್ರಕ್ ಓಡಿಸುತ್ತಾನೆ, ಮನೆಗಿಂತ ಹೆದ್ದಾರಿಯಲ್ಲೇ ಹೆಚ್ಚು ಇರುತ್ತಾನೆ. ನಾನು ಸರ್ಕಾರಿ ಶಾಲೆಯ ಹಳದಿ ಬಸ್ಸು ಓಡಿಸುತ್ತೇನೆ. ಶಾಲೆ ಎಂದರೆ ಕೊರಿನ್‌ಗೆ ವಿಷ. ಮಗಳನ್ನು ಒಂದು ದಿನವೂ ಕಳಿಸಿದವಳಲ್ಲ. ಬಸ್ಸು ನನ್ನ ಅಂಗಳದಲ್ಲಿ ನಿಂತಿದ್ದರೆ ಮೈ ತಾಗಿದರೆ ಮೈಲಿಗೆ ಎಂಬಂತೆ ದೂರದಿಂದ ಸುತ್ತು ಹಾಕಿಕೊಂಡು ಬಾಗಿಲಿಗೆ ಬರುತ್ತಿದ್ದಳು.

ಮನೆಯಲ್ಲೇ ಕಲಿಸುವುದಕ್ಕೆ ನನ್ನ ತಕರಾರೇನೂ ಇಲ್ಲ. ಮಿಸೌರಿಯ ನಮ್ಮ ಗುಡ್ಡಗಾಡಿನಲ್ಲಿ ಎಷ್ಟೋ ಮನೆಗಳಲ್ಲಿ ಹಾಗೇ ಮಾಡುತ್ತಾರೆ. ಆ ಮಕ್ಕಳಲ್ಲಿ ಒಬ್ಬಳು ಕೌಜುಗ ಸಾಕಿ ಮೊಟ್ಟೆ ಮಾರುತ್ತಾಳೆ. ಇನ್ನೊಬ್ಬ ಹಳೆಯ ಸಿಗಾರ್ ಪೆಟ್ಟಿಗೆಗಳಿಂದ ಬ್ಯಾಂಜೊ ಮಾಡಿ ಮಾರುತ್ತಾನೆ. ಅದನ್ನು ನುಡಿಸಿದರೆ ಬೆಕ್ಕು ಮನೆ ಬಿಟ್ಟು ಓಡುತ್ತದೆ, ಆದರೂ ಅದನ್ನು ಮಾಡಿದವನು ಅವನೇ. ಕೊರಿನ್‌ದು ಬೇರೆ ಲೆಕ್ಕ. ಅವಳು ಮನೆಯ ಪಾಠವನ್ನೆಲ್ಲ ಫೋನಿನಲ್ಲಿ ಹಿಡಿದು ಲೋಕಕ್ಕೆ ತೋರಿಸುವವಳು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದದ್ದು, ಮಗಳೇ ಮಾಡಿದ್ದು ಎಂದು ಮಾರುತ್ತಿದ್ದ 'ಟಿರ್ಜಾಳ ಸೋಪು'.

ಸೋಪು ಬರುತ್ತಿದ್ದದ್ದು ಕಾರ್ಖಾನೆಯಿಂದ, ರಟ್ಟಿನ ಪೆಟ್ಟಿಗೆಯಲ್ಲಿ. ಕೈಯಲ್ಲಿ ಮಾಡಿದ್ದು ಎಂದು ಕಾಣಲಿ ಅಂತ ಕೊರಿನ್ ಅದರ ಅಂಚುಗಳನ್ನು ಚಾಕುವಿನಲ್ಲಿ ಅಲ್ಲಲ್ಲಿ ಕೆತ್ತುತ್ತಿದ್ದಳು. ಟಿರ್ಜಾ ಕಂದು ಕಾಗದ ಸುತ್ತಿ ಸೆಣಬಿನ ದಾರ ಕಟ್ಟಬೇಕು. ವಿಡಿಯೊದಲ್ಲಿ ಹುಡುಗಿ ದೊಡ್ಡ ಪಾತ್ರೆಯಲ್ಲಿ ತಿರುವುತ್ತಿದ್ದದ್ದು ಓಟ್ಸ್ ಗಂಜಿ. ಮೇಲೆ ನಾಲ್ಕು ಒಣ ಹೂ ಉದುರಿಸಿದರೆ ನೋಡುವವರ ಕಣ್ಣಿಗೆ ಅದೇ ಸೋಪು. ಫೋನು ಕೆಳಗಿಟ್ಟ ಮೇಲೆ ಆ ಗಂಜಿ ಅವರ ಮುದಿನಾಯಿ ಟರ್ನಿಪ್‌ಗೆ. ಅದು ಹೂವನ್ನು ಉಗಿದು ಗಂಜಿಯನ್ನಷ್ಟೇ ತಿನ್ನುತ್ತಿತ್ತು. ಆ ಮನೆಯಲ್ಲಿ ಮರ್ಯಾದೆ ಇದ್ದ ಪ್ರಾಣಿ ಅದೊಂದೇ ಎಂದು ನಾನು ಲೈಲ್‌ಗೆ ಹೇಳಿದ್ದುಂಟು. ಅವನು ನಕ್ಕು ಟ್ರಕ್ ಹತ್ತಿದ.

ಟಿರ್ಜಾಳ ನಿಜವಾದ ಕೆಲಸ ನಡೆಯುತ್ತಿದ್ದದ್ದು ನನ್ನ ಹಿತ್ತಲ ಶೆಡ್ಡಿನಲ್ಲಿ. ಬೆಳಿಗ್ಗೆ ಬಸ್ಸು ಓಡಿಸುವಾಗ ರಸ್ತೆಯಲ್ಲಿ ಸತ್ತು ಬಿದ್ದ ಪ್ರಾಣಿ ಕಂಡರೆ ಜಾಗ ನೆನಪಿಟ್ಟುಕೊಂಡು, ಮಕ್ಕಳನ್ನು ಇಳಿಸಿದ ಮೇಲೆ ನನ್ನ ಸ್ವಂತ ಗಾಡಿಯಲ್ಲಿ ಹೋಗಿ ತರುತ್ತಿದ್ದೆ. ಅವಳು ಚರ್ಮ ಸುಲಿದು, ಕರುಳು ತೆಗೆದು, ಒಣಗಿಸಿ, ಮಾಂಸ ತಿನ್ನುವ ಹುಳಗಳ ಪೆಟ್ಟಿಗೆಯೊಳಗೆ ಇಡುತ್ತಿದ್ದಳು. ಹುಳಗಳು ಮೂಳೆಯನ್ನಷ್ಟೇ ಬಿಟ್ಟು ಮಿಕ್ಕದ್ದನ್ನೆಲ್ಲ ತಿಂದು ಮುಗಿಸುತ್ತಿದ್ದವು. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ನೆನೆಸಿ ಜಿಡ್ಡು ಬಿಡಿಸುವುದು. ಲ್ಯಾವೆಂಡರ್ ಸೋಪು ಆ ಕೆಲಸಕ್ಕೂ ಬರುತ್ತಿರಲಿಲ್ಲ. ಕೊನೆಗೆ ಮೂಳೆಗಳನ್ನೆಲ್ಲ ತಂತಿಯಲ್ಲಿ ಪೋಣಿಸಿ ಪ್ರಾಣಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವಳು. ಶೆಡ್ಡಿನ ನಾತದ ಬಗ್ಗೆ ಹೇಳಬಾರದು. ನಾನು ಬಾಗಿಲಲ್ಲೇ ನಿಂತು ಮಾತಾಡಿಸಿ ಓಡಿಬರುತ್ತಿದ್ದೆ.

ಹಿಂದಿನ ಬೇಸಿಗೆಯಲ್ಲಿ ಒಂದು ಪಾಸಮ್ ಸಿಕ್ಕಿತ್ತು. ಬೆಕ್ಕಿನಷ್ಟು ದೊಡ್ಡದು, ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಪ್ರಾಣಿ. ಕಾರು ಬಡಿದಾಗಲೂ ಬೆನ್ನ ಮೇಲೆ ಮರಿಗಳಿದ್ದವು. ತಾಯಿಯನ್ನೂ ಮರಿಗಳನ್ನೂ ಅವಳು ಚಳಿಗಾಲವಿಡೀ ಕೂತು ಜೋಡಿಸಿದಳು. ಮರಿಗಳ ಬೆರಳ ಮೂಳೆ ಸೂಜಿಮೊನೆಯಷ್ಟು. ಮುಗಿದ ದಿನ ನಾನೂ ಬಾಗಿಲು ದಾಟಿ ಒಳಗೇ ಹೋಗಿ ನೋಡಿದೆ. ತಾಯಿ ಒಂದು ಕಾಲು ಮುಂದಿಟ್ಟು ಹೊರಟಿತ್ತು, ಬೆನ್ನ ಮೇಲೆ ಮರಿಗಳು ಬಿಗಿಯಾಗಿ ಹಿಡಿದು ಕೂತಿದ್ದವು.

"ಅತ್ತೆ, ಸಂತೇಲಿ ಇದನ್ನಿಡ್ತೀನಿ. ನನ್ನ ಹೆಸರಲ್ಲಿ ಒಂದಾದ್ರೂ ನಂದೇ ಇರ್ಬೇಕು" ಎಂದಳು.

"ನಿಮ್ಮಮ್ಮ ಸುಮ್ನೆ ಬಿಡ್ತಾಳೇನೆ?"

"ಮೇಜಿನ ಹಿಂದೆ ಬರೋ ಹಾಗಿಲ್ವಲ್ಲ ಅವಳು."

ಅದು ನಿಜ. ಮನೆಯಲ್ಲಿ ಕಲಿಯುವ ಮಕ್ಕಳು ಏಪ್ರಿಲ್‌ನಲ್ಲಿ ಚರ್ಚಿನ ಹಾಲಿನಲ್ಲಿ ನಡೆಸುವ ಸಂತೆಗೆ ಒಂದೇ ಕಟ್ಟಳೆ: ಮೇಜಿನ ಹಿಂದೆ ಮಕ್ಕಳೇ ನಿಲ್ಲಬೇಕು, ಮಕ್ಕಳೇ ಮಾತಾಡಬೇಕು. ಅಪ್ಪ ಅಮ್ಮ ಎದುರಿಗೆ, ಗಿರಾಕಿಗಳ ಜೊತೆ. ಆದ್ದರಿಂದ ತಾಯಂದಿರೆಲ್ಲ ಎದುರಿಗೆ ಸಾಲಾಗಿ ನಿಂತು ತುಟಿ ಅಲ್ಲಾಡಿಸುತ್ತ, ಕಣ್ಣು ಹೊರಳಿಸುತ್ತ, ಕೈಸನ್ನೆಯಲ್ಲೇ ವ್ಯಾಪಾರ ಮಾಡಿಸುತ್ತಾರೆ. 'ನಗು, ನಗು' ಎಂದು ತಮ್ಮ ಕೆನ್ನೆಯನ್ನೇ ಎಳೆದು ತೋರಿಸುತ್ತಾರೆ. ಸಂತೆಯ ಉಸ್ತುವಾರಿ ನೋಡಿಕೊಳ್ಳುವ ಹಿರಿಯಾಕೆ ಮಿಸೆಸ್ ಹ್ಯಾಗ್ಲಂಡ್ ಕುರಿ ಅಟ್ಟಿದ ಹಾಗೆ ಅವರನ್ನು ಹಿಂದಕ್ಕೆ ಅಟ್ಟುತ್ತಾರೆ. ವರ್ಷಕ್ಕೊಮ್ಮೆ ಆ ಕೋತಿಕುಣಿತ ನೋಡಿದರೆ ಸಾಕು, ನನಗೆ ಮತ್ತೊಂದು ವರ್ಷ ಚರ್ಚಿನ ಕಡೆ ತಲೆ ಹಾಕುವುದು ಬೇಡ ಎನಿಸುತ್ತದೆ.

ಆ ದಿನ ಟಿರ್ಜಾಳ ಮೇಜಿನ ಮೇಲೆ ಸೋಪಿನ ಗೋಪುರ. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಏನೋ ಒಂದು. ಕೊರಿನ್ ಫೋನು ಹಿಡಿದು ಎದುರಿಗೇ ಇದ್ದಳು. ಮಿಸೆಸ್ ಹ್ಯಾಗ್ಲಂಡ್ ಬಂದು ಸೋಪೊಂದನ್ನು ಮೂಸಿ, "ಇದನ್ನ ಹೆಂಗಮ್ಮ ಮಾಡ್ತೀಯ?" ಎಂದು ಕೇಳಿದರು.

"ಗೊತ್ತಿಲ್ಲ" ಎಂದಳು ಟಿರ್ಜಾ. "ಅದು ಪೆಟ್ಟಿಗೇಲಿ ಬರುತ್ತೆ. ನಾನು ದಾರ ಕಟ್ತೀನಿ ಅಷ್ಟೇ. ನಾನು ಮಾಡಿದ್ದು ಇದು." ಬಟ್ಟೆ ಎಳೆದಳು.

ಮಿಸೆಸ್ ಹ್ಯಾಗ್ಲಂಡ್ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಕೊರಿನ್ ಮೊದಲು ಬಿಳುಚಿದಳು, ಆಮೇಲೆ ಕೆಂಪಾದಳು. "ಎಂಥ ತಮಾಷೆ ಮಾಡ್ತಾಳೆ ನೋಡಿ!" ಎಂದು ಜೋರಾಗಿ ನಕ್ಕು, ನಗುತ್ತಲೇ ಹಲ್ಲು ಕಚ್ಚಿ, "ಮುಚ್ಚೇ ಅದನ್ನ. ಹೇಸಿಗೆ. ಮಾನ ಕಳೀಬೇಡ" ಎಂದಳು.

ಟಿರ್ಜಾ ಮುಚ್ಚಲಿಲ್ಲ. ಅಷ್ಟರಲ್ಲಿ ಹಾಲಿನ ಮಕ್ಕಳೆಲ್ಲ ಮೇಜಿಗೆ ಮುತ್ತಿದರು. ಬ್ಯಾಂಜೊ ಹುಡುಗ ತನ್ನ ಅಂಗಡಿಯನ್ನೇ ಬಿಟ್ಟು ಬಂದ. "ನಿಜವಾದ ಮೂಳೇನಾ?" "ಮರಿ ಹಲ್ಲು ನೋಡೋ!" ಟಿರ್ಜಾ ಒಂದೊಂದು ಮೂಳೆಯನ್ನೂ ತೋರಿಸಿ ಹೇಳತೊಡಗಿದಳು. ಅಷ್ಟು ಮಾತಾಡಿದ್ದನ್ನು ನಾನೇ ಕೇಳಿರಲಿಲ್ಲ. ಯಾರೋ ಅಪ್ಪ ಅದನ್ನೆಲ್ಲ ಫೋನಿನಲ್ಲಿ ಹಿಡಿದ. ವಾರ ಕಳೆಯುವುದರೊಳಗೆ ಕೊರಿನ್‌ಳ ಸೋಪನ್ನು ನೋಡಿದವರ ಹತ್ತರಷ್ಟು ಜನ ಪಾಸಮನ್ನು ನೋಡಿದ್ದರು.

ನಾನು ಬೈಗುಳ ನಿರೀಕ್ಷಿಸಿದ್ದೆ. ಬೈದಿದ್ದರೆ ಕೊರಿನ್ ಮೇಲೆ ಒಂದಿಷ್ಟು ಗೌರವವಾದರೂ ಉಳಿಯುತ್ತಿತ್ತು. ಅವಳು ಬಣ್ಣ ಬದಲಿಸಿದಳು. ಬಿಳಿ ಏಪ್ರನ್, ಎರಡು ದೊಡ್ಡ ದೀಪ, ಹೂವಿನ ಕುಂಡ ಎಲ್ಲ ಹೊತ್ತು ನನ್ನ ಶೆಡ್ಡಿಗೇ ಬಂದಳು.

"ಅತ್ತಿಗೆ, ಇನ್ಮೇಲೆ ಹುಳದ ಪೆಟ್ಟಿಗೆ ನಮ್ಮ ಗ್ಯಾರೇಜಲ್ಲಿರುತ್ತೆ. ಅಲ್ಲಿ ಬೆಳಕು ಚೆನ್ನಾಗಿದೆ. ನಾವು ಯಾವತ್ತೂ ಅವಳ ಆಸೆಗೆ ಅಡ್ಡ ಬಂದೋರಲ್ಲ ನೋಡಿ."

"ಹೋದ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ನಾತ ಅಂತ ಅವಳನ್ನ ಅಂಗಳದಲ್ಲಿ ನಿಲ್ಸಿ ಪೈಪಲ್ಲಿ ನೀರು ಬಿಟ್ಟೋಳು ನೀನೇ ತಾನೆ? ಆ ಚಳೀಲಿ?"

"ಅದೂ ಒಂದು ಪಾಠಾನೇ ಅಲ್ವಾ" ಎಂದು ನಕ್ಕಳು. ನಾಚಿಕೆ ಎನ್ನುವುದು ಆ ಮುಖದ ಹತ್ತಿರವೂ ಸುಳಿಯಲಿಲ್ಲ.

ಅವಳಿಗೆ ಹೊಳೆದ ಹೊಸ ವ್ಯಾಪಾರವನ್ನು ಹೇಳಲೂ ಹೇಸಿಗೆಯಾಗುತ್ತದೆ. ನಿಮ್ಮ ಸತ್ತ ಸಾಕುಪ್ರಾಣಿಯನ್ನು ಕಳಿಸಿ, ಟಿರ್ಜಾ ಅದನ್ನು ನೆನಪಾಗಿ ಹಿಂದಕ್ಕೆ ಕೊಡುತ್ತಾಳೆ. ಮಂಜುಗಡ್ಡೆಯ ಡಬ್ಬಗಳಲ್ಲಿ ಬೆಕ್ಕು ಬಂದವು, ಮೊಲ ಬಂದವು, ಕೊರಳಲ್ಲಿ ಗಂಟೆ ಕಟ್ಟಿದ್ದ ಮುಂಗುಸಿಯಂಥ ಫೆರೆಟ್ ಒಂದು ಬಂತು. ಪ್ರತಿಯೊಂದು ಡಬ್ಬವನ್ನೂ ಕ್ಯಾಮೆರಾದ ಮುಂದೆ ತೆರೆಯಬೇಕು. ಕಣ್ಣು ತುಂಬಿ ಬಂದರೆ ಒಳ್ಳೆಯದು, ಬರದಿದ್ದರೆ ಮತ್ತೊಮ್ಮೆ ಮುಚ್ಚಿ ತೆರೆಯಬೇಕು. ಏಪ್ರನ್ ಮೇಲೆ ಕಲೆ ಕಾಣಬಾರದು. ಹುಳ ಕಾಣಲೇಬಾರದು.

ಒಂದು ಮಧ್ಯಾಹ್ನ ಟಿರ್ಜಾ ನನ್ನ ಅಡುಗೆಮನೆಯಲ್ಲಿ ಕೂತು ತಣ್ಣಗಾದ ಚೀಸ್ ಮ್ಯಾಕರೋನಿ ಕೆದಕುತ್ತಿದ್ದಳು.

"ರಸ್ತೇಲಿ ಸತ್ತಿದ್ದು ಯಾರದ್ದೂ ಅಲ್ಲ ಅತ್ತೆ. ನಾನು ನೋಡ್ದೆ ಇದ್ರೆ ಅದನ್ನ ಯಾರೂ ನೋಡಲ್ಲ. ಅದಕ್ಕೇ ಮಾಡ್ತಿದ್ದೆ. ಇವಕ್ಕೆಲ್ಲ ಹೆಸರಿದೆ. ಕತ್ತಿ ಹಿಡ್ದಾಗ ಆ ಹೆಸರೇ ಕಿವೀಲಿ ಕೇಳುತ್ತೆ."

"ಆಗಲ್ಲ ಅನ್ನು."

"ಅಂದೆ. ಅದನ್ನೂ ವಿಡಿಯೊ ಮಾಡಿದ್ಲು."

ಮೇ ಕೊನೆಗೆ ಶಾಲೆ ಮುಗಿಯಿತು, ನನ್ನ ಬಸ್ಸು ಅಂಗಳದಲ್ಲಿ ನಿಂತಿತು. ಒಂದು ಭಾನುವಾರ ಕೊರಿನ್ ಮನೆಗೆ ಊಟಕ್ಕೆ ಹೋಗಿದ್ದೆ. ಟರ್ನಿಪ್ ಮೇಜಿನ ಕೆಳಗೆ ನನ್ನ ಕಾಲಿಗೆ ಒರಗಿ ಮಲಗಿತ್ತು. ಹಿಂಗಾಲುಗಳ ಸ್ವಾಧೀನ ತಪ್ಪಿ, ಉಸಿರಾಟವೇ ಒಂದು ಕೆಲಸವಾಗಿತ್ತು. ಟಿರ್ಜಾ ಹುಟ್ಟುವಾಗ ಲೈಲ್ ತಂದ ಮರಿ ಅದು, ಅವಳು ನಡೆಯಲು ಕಲಿತದ್ದೇ ಅದರ ಕಿವಿ ಹಿಡಿದು.

ಕೊರಿನ್ ಆಲೂಗಡ್ಡೆ ಬಡಿಸುತ್ತ ಹೇಳಿದಳು: "ಇನ್ನೇನು, ಇದ್ರದ್ದೂ ಹತ್ರ ಬಂತು. ಟಿರ್ಜಾನೇ ಇದ್ರ ಮೂಳೆ ಜೋಡಿಸ್ಬೇಕು. ಯೋಚ್ನೆ ಮಾಡಿ ಅತ್ತಿಗೆ, ಸ್ವಂತ ನಾಯೀನ ತನ್ನ ಕೈಯಾರೆ! ಎಂಥ ಕತೆ ಆಗುತ್ತೆ!"

"ಟರ್ನಿಪ್‌ನ ನಾನು ಮಾಡಲ್ಲಮ್ಮ" ಎಂದಳು ಟಿರ್ಜಾ.

"ಈಗ ಹಾಗೇ ಅನ್ಸುತ್ತೆ ಚಿನ್ನ. ಅಳು ಬಂದ್ರೆ ತಡೀಬೇಡ. ಅದೂ ಬೇಕು."

ಮೇಜಿನ ಕೆಳಗೆ ನಾಯಿಯ ಬಾಲ ನೆಲಕ್ಕೆ ಒಮ್ಮೆ ಬಡಿಯಿತು, ಯಾರೋ ತನ್ನ ಹೆಸರೆತ್ತಿದರಲ್ಲ ಎಂದು. ನಾನು ತಟ್ಟೆ ಅಲ್ಲೇ ಬಿಟ್ಟು ಎದ್ದು ಬಂದೆ.

ಜೂನ್‌ನಲ್ಲಿ ಒಂದು ಬೆಳಿಗ್ಗೆ, ಕೊರಿನ್ ಪೇಟೆಗೆ ಹೋಗಿದ್ದಾಗ, ಟಿರ್ಜಾ ನನ್ನ ಅಂಗಳಕ್ಕೆ ಬಂದಳು. ಮಣ್ಣು ಹೊರುವ ತಳ್ಳುಗಾಡಿಯನ್ನು ದಾರಿಯುದ್ದಕ್ಕೂ ತಳ್ಳಿಕೊಂಡು ಬಂದಿದ್ದಳು. ಅದರಲ್ಲಿ ಕಂಬಳಿ ಹೊದಿಸಿದ ಟರ್ನಿಪ್, ಪಕ್ಕದಲ್ಲಿ ಹುಳದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ದುಪ್ಪಟಿಯಲ್ಲಿ ಸುತ್ತಿದ ಪಾಸಮ್.

"ನನ್ನ ತೊಡೆ ಮೇಲೇ ಹೋಯ್ತು ಅತ್ತೆ. ಎಲ್ಲಿ ಹೂಳೋಣ? ಅಮ್ಮ ಹುಡುಕ್ತಾಳೆ. ಹೊಸ ಮಣ್ಣು ಕಂಡ್ರೆ ಅಗೆದೇ ಅಗೀತಾಳೆ."

ನನ್ನ ತಮ್ಮನ ಹೆಂಡತಿಯ ಬಗ್ಗೆ ಅವಳ ಮಗಳೇ ಹೀಗೆಂದಳು. ಅದು ಸುಳ್ಳೂ ಅಲ್ಲ. ನಾನು ಬಸ್ಸಿನ ಕೀಲಿ ತಂದು, ಬಸ್ಸನ್ನು ಮುಂದಕ್ಕೆ ತೆಗೆದು, ಅದು ನಿಂತಿದ್ದ ಜಾಗದಲ್ಲೇ ಗುದ್ದಲಿ ಹಾಕಿದೆ. ಇಬ್ಬರೂ ಆಳವಾಗಿ ಅಗೆದೆವು. ಸಾವಿರ ಪ್ರಾಣಿಗಳ ಚರ್ಮ ಸುಲಿಯಬಲ್ಲ ಹುಡುಗಿ ಅದನ್ನು ಕಂಬಳಿಯ ಸಮೇತ, ಕೆಂಪು ಕೊರಳಪಟ್ಟಿಯ ಸಮೇತ, ಒಂದು ಕೂದಲೂ ಕೊಂಕದಂತೆ ಇಳಿಸಿದಳು. ಮಣ್ಣು ಮುಚ್ಚಿ ತುಳಿದು, ನಾನು ಬಸ್ಸನ್ನು ಹಿಂದಕ್ಕೆ ತಂದು ಅದರ ಮೇಲೆ ನಿಲ್ಲಿಸಿದೆ.

ಕೊರಿನ್ ಮಧ್ಯಾಹ್ನ ಬಂದಳು. ಕೈಯಲ್ಲಿ ಫೋನು.

"ಎಲ್ಲಿದೆ?"

"ಹೂಳಿದೆ" ಎಂದಳು ಟಿರ್ಜಾ.

"ಎಲ್ಲಿ? ಜನ ಕಾಯ್ತಿದಾರೆ, ನಾನು ಹೇಳಿಬಿಟ್ಟಿದೀನಿ! ಅತ್ತಿಗೆ, ನೀವಾದ್ರೂ ಬುದ್ಧಿ ಹೇಳಿ."

"ಅವಳಿಗೆ ಹೇಳೋಕೆ ನನ್ನತ್ರ ಏನೂ ಇಲ್ಲ. ನಿನಗೆ ಹೇಳೋದಿದೆ, ಆದ್ರೆ ಬಾಯಿ ಹೊಲಸಾಗುತ್ತೆ."

ಅವಳು ಹಿತ್ತಲೆಲ್ಲ ಸುತ್ತಿದಳು. ಶೆಡ್ಡಿನ ಹಿಂದೆ, ಟೊಮೆಟೊ ಪಾತಿಯ ನಡುವೆ, ಬೇಲಿಯ ಬುಡದಲ್ಲಿ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದಳು. ಬಸ್ಸಿನ ಹತ್ತಿರ ಮಾತ್ರ ಸುಳಿಯಲಿಲ್ಲ, ಎಂದಿನಂತೆ ಸುತ್ತು ಹಾಕಿಕೊಂಡೇ ಕಾರಿಗೆ ಹೋದಳು. "ಬರ್ತೀಯೋ ಇಲ್ವೋ?" ಎಂದು ಮಗಳನ್ನು ಕೇಳಿದಳು. ಟಿರ್ಜಾ ಬರುವುದಿಲ್ಲ ಎಂದಳು. ಹೆದ್ದಾರಿಯಿಂದ ಲೈಲ್ ಫೋನು ಮಾಡಿ, "ಇರ್ಲಿ ಬಿಡಕ್ಕ, ನಿನ್ನತ್ರಾನೇ ಇರ್ಲಿ" ಎಂದು ಇಟ್ಟುಬಿಟ್ಟ.

ಎರಡು ದಿನವಾದ ಮೇಲೆ ಬ್ಯಾಂಜೊ ಹುಡುಗ ಟಿರ್ಜಾಳಿಗೆ ವಿಡಿಯೊ ಒಂದನ್ನು ಕಳಿಸಿ, ಪಾಪ, ಸಮಾಧಾನದ ಮಾತೂ ಬರೆದಿದ್ದ. ಅಡುಗೆಮನೆಯಲ್ಲಿ ಇಬ್ಬರೂ ನೋಡಿದೆವು. ಕೊರಿನ್ ತನ್ನ ಹೂವಿನ ಪಾತಿಯಲ್ಲಿ ಮಣ್ಣು ಗುಡ್ಡೆ ಹಾಕಿ, ಮರದ ಶಿಲುಬೆ ನೆಟ್ಟು, ಅದಕ್ಕೊಂದು ಹೊಚ್ಚಹೊಸ ನೀಲಿ ಕೊರಳಪಟ್ಟಿ ನೇತುಹಾಕಿದ್ದಳು. ಬಿಳಿ ಉಡುಪಿನಲ್ಲಿ ಮಂಡಿಯೂರಿ ಅಳುತ್ತಿದ್ದಳು. ಮಗಳೂ ತಾನೂ ಕೈಹಿಡಿದು ಟರ್ನಿಪ್‌ನನ್ನು ಇಲ್ಲಿ ಮಲಗಿಸಿದೆವು, ಮಗಳು ದುಃಖದಲ್ಲಿ ಮಾತಾಡುತ್ತಿಲ್ಲ ಎಂದಳು. ಕಣ್ಣೊರೆಸಿಕೊಂಡಳು. ಆಮೇಲೆ ಗುಡ್ಡೆಯ ಹಿಂದಿನಿಂದ ಕಂದು ಕಾಗದ ಸುತ್ತಿದ ಸೋಪೊಂದನ್ನು ಎತ್ತಿ ಹಿಡಿದಳು. ಅದರ ಮೇಲೆ ನಾಯಿಯ ಪಂಜದ ಅಚ್ಚಿತ್ತು. ಟರ್ನಿಪ್‌ನ ನೆನಪಿಗೆ, ಟಿರ್ಜಾಳೇ ಅಳುತ್ತ ಮಾಡಿದ ಸೋಪು ಎಂದಳು.

ಟಿರ್ಜಾ ಬಾಯಿ ಮುಚ್ಚಿಕೊಂಡಳು. ಕುರ್ಚಿ ಹಿಂದಕ್ಕೆ ಬಿತ್ತು. ಬಾಗಿಲು ದೂಡಿಕೊಂಡು ಅಂಗಳಕ್ಕೆ ಓಡಿ, ಹುಲ್ಲಿನಲ್ಲಿ ಬಗ್ಗಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಉಳಿಯದೆ ಇದ್ದರೂ ಓಕರಿಕೆ ನಿಲ್ಲಲಿಲ್ಲ. ನಾನು ಹಿಂದೆಯೇ ಹೋಗಿ ಅವಳ ಕೂದಲು ಎತ್ತಿ ಹಿಡಿದುಕೊಂಡೆ.

ಕೊನೆಗೆ ತೋಳಿನಿಂದ ಬಾಯಿ ಒರೆಸಿಕೊಂಡು, ಬಸ್ಸಿನ ಚಕ್ರಕ್ಕೆ ಒರಗಿ ನೆಲದಲ್ಲೇ ಕೂತಳು.

"ಅತ್ತೆ, ಬಸ್ಸು ತೆಗೀಬೇಡ."

"ಶಾಲೆ ಶುರುವಾಗೋವರೆಗೂ ತೆಗೆಯಲ್ಲ ಕಣೇ."

"ಆಮೇಲೆ?"

"ದಿನಾ ಸಾಯಂಕಾಲ ತಂದು ಇಲ್ಲೇ ನಿಲ್ಸ್ತೀನಿ" ಎಂದೆ.